ಪೊಟ್ಟಣದ ಮೇಲಿನ ‘ಸುಲಭ’

ಟೊರಾಂಟೊ ಪಕ್ಕದ ಬ್ರ್ಯಾಂಪ್ಟನ್‌ನಲ್ಲಿರುವ ನನ್ನ ಅಕ್ಕನ ಮಗ ಮೊನ್ನೆ ಫೋನ್ ಮಾಡಿದ್ದ. “ಮಾವ, ಟೊಮೇಟೊ ಬೆಳೆಯೋಕೆ ಬಂದ್ರೆ ಇದೂ ಬರುತ್ತಂತೆ. ಪೊಟ್ಟಣದ ಮೇಲೇ ‘ಸುಲಭ’ ಅಂತ ಹಾಕಿದ್ದಾರೆ” ಎಂದ. ಅವನು ಕೊಂಡಿದ್ದು ‘ನಾರ್ದರ್ನ್ ಲೈಟ್ಸ್’ ಹೆಸರಿನ ಗಾಂಜಾ ಬೀಜ. 2018ರ ಅಕ್ಟೋಬರ್ 17ರಿಂದ ಕೆನಡಾದಲ್ಲಿ ಗಾಂಜಾ ಕಾನೂನುಬದ್ಧ, ಮನೆಯೊಂದಕ್ಕೆ ನಾಲ್ಕು ಗಿಡ ಬೆಳೆಸಬಹುದು. ಹಾಗಾಗಿ ಹುಡುಗ ಕಳ್ಳತನವನ್ನೇನೂ ಮಾಡುತ್ತಿರಲಿಲ್ಲ. ಮೋಸವಿದ್ದದ್ದು ಆ ‘ಸುಲಭ’ದಲ್ಲಿ.

ನಂಬಿಕೆ: ನಾರ್ದರ್ನ್ ಲೈಟ್ಸ್ ಹೊಸಬರ ತಳಿ, ಯಾರು ಹಾಕಿದರೂ ಬರುತ್ತದೆ.

ಈ ಹೆಸರು ಸುಮ್ಮನೆ ಬಂದಿದ್ದಲ್ಲ. ಅಫ್ಘಾನ್ ಮೂಲದ ಕುಳ್ಳ ಗಿಡ, ಬೇಗ ಹೂ ಬಿಡುತ್ತದೆ, ಕೋಣೆಯೊಳಗೆ ಬೆಳೆಸುವವರಿಗೆ ಹೇಳಿ ಮಾಡಿಸಿದಂತಿದೆ. ಅಮೆರಿಕದ ಸಿಯಾಟಲ್ ಸುತ್ತಮುತ್ತ ಹುಟ್ಟಿತೆಂದು ಹೇಳುತ್ತಾರೆ. 1980ರ ದಶಕದಲ್ಲಿ ನೆದರ್ಲೆಂಡ್ಸ್‌ನಲ್ಲಿ ನೆವಿಲ್ ಶೂನ್‌ಮೇಕರ್ಸ್ ಇದರ ಬೀಜ ಮಾರತೊಡಗಿದ ಮೇಲೆ ಲೋಕಪ್ರಸಿದ್ಧವಾಯಿತು. ಆಮೇಲೆ ಬೀಜ ಮಾರುವವರೆಲ್ಲ ಅದೇ ಹೆಸರು ಹಾಕಿಕೊಂಡರು. ನಮ್ಮಲ್ಲಿ ಅಕ್ಕಿ ಮೂಟೆಯ ಮೇಲೆ ‘ಸೋನಾ ಮಸೂರಿ’ ಎಂದು ಅಚ್ಚು ಹಾಕಿದ ಹಾಗೆ. ಒಳಗಿನದು ಏನೆಂದು ಬೇಯಿಸಿದ ಮೇಲೇ ಗೊತ್ತು. ಅಮೆರಿಕದ ಸಂಶೋಧಕರು 2019ರಲ್ಲಿ 30 ತಳಿಹೆಸರುಗಳ 122 ಮಾದರಿಗಳ ವಂಶವಾಹಿ ಪರೀಕ್ಷಿಸಿದರು. ಬೇರೆ ಬೇರೆ ಅಂಗಡಿಯಿಂದ ಒಂದೇ ಹೆಸರಲ್ಲಿ ಕೊಂಡ ಮಾದರಿಗಳು ಎಷ್ಟೋ ಸಲ ಒಂದಕ್ಕೊಂದು ಹೋಲಲಿಲ್ಲ. ಹೆಸರಿಗೇ ಖಾತರಿಯಿಲ್ಲ ಎಂದ ಮೇಲೆ ಹೆಸರಿಗೆ ಅಂಟಿದ ‘ಸುಲಭ’ಕ್ಕೆ ಎಲ್ಲಿಂದ ಬರಬೇಕು?

‘ಇಂಡಿಕಾ ಆದರೆ ನಿದ್ದೆ, ಸಟೈವಾ ಆದರೆ ಹುರುಪು’ ಎಂದು ಗಾಂಜಾವನ್ನು ಎರಡು ಬಗೆ ಮಾಡುವುದೂ ಇದೇ ಜಾತಿಯ ಮಾತು. 1785ರಲ್ಲಿ ಸಸ್ಯವಿಜ್ಞಾನಿ ಲಾಮಾರ್ಕ್ ಭಾರತದ ಗಿಡಕ್ಕೆ ‘ಇಂಡಿಕಾ’ ಎಂದು ಹೆಸರಿಟ್ಟ. ಇಂದು ಅಂಗಡಿಯವರು ಹೇಳುವ ಇಂಡಿಕಾಕ್ಕೂ ಅದಕ್ಕೂ ಹೆಚ್ಚಿನ ನಂಟಿಲ್ಲ.

ನಂಬಿಕೆ: ಅದು ಕಳೆ ಗಿಡ, ಹಿಮಾಲಯದ ತಪ್ಪಲಲ್ಲಿ ರಸ್ತೆ ಬದಿಗೇ ಬೆಳೆಯುತ್ತದೆ.

ಬೆಳೆಯುವುದು ನಿಜ. ಆದರೆ ಬೆಳೆಯುವುದು ಬೇರೆ, ಬೆಳೆ ಬರುವುದು ಬೇರೆ. ಗಾಂಜಾದಲ್ಲಿ ಪಪ್ಪಾಯಿಯ ಹಾಗೆ ಗಂಡು ಗಿಡ, ಹೆಣ್ಣು ಗಿಡ ಬೇರೆ ಬೇರೆ. ಗಂಡಿನ ಪರಾಗ ಗಾಳಿಯಲ್ಲಿ ಹಾರಿ ಬಂದು ತಾಗಿತೋ, ಹೆಣ್ಣು ಹೂವಿನ ತುಂಬ ಬೀಜ. ಬೆಲೆ ಬಿದ್ದುಹೋಗುತ್ತದೆ. ಬ್ರಿಟಿಷರ ಕಾಲದಲ್ಲಿ ಬಂಗಾಳದ ನವಗಾಂವ್ ಸೀಮೆಯಲ್ಲಿ (ಈಗ ಬಾಂಗ್ಲಾದೇಶ) ಸರಕಾರದ ಅಬಕಾರಿ ಕಣ್ಗಾವಲಿನಲ್ಲಿ ಇದನ್ನು ಬೆಳೆಯುತ್ತಿದ್ದರು. ಅಲ್ಲಿನ ರೈತರು ಹುಟ್ಟಾ ಬೇಸಾಯಗಾರರು. ಆದರೂ ಗಂಡು ಗಿಡ ಗುರುತಿಸಲು ತಮ್ಮ ಕಣ್ಣನ್ನು ನಂಬದೆ ಕೂಲಿ ಕೊಟ್ಟು ನಿಪುಣನನ್ನು ಕರೆಸುತ್ತಿದ್ದರು. ಇಂಗ್ಲಿಷ್ ವರದಿಗಳಲ್ಲಿ ಅವನು ‘ಗಾಂಜಾ ಡಾಕ್ಟರ್’. ಹೂ ಅರಳುವ ಮುನ್ನವೇ ಹೊಲದಲ್ಲಿ ಸಾಲು ಹಿಡಿದು ನಡೆದು ಗಂಡುಗಳನ್ನು ಕಿತ್ತುಹಾಕುವುದು ಅವನ ಕೆಲಸ. ಅವನ ಕಣ್ಣು ತಪ್ಪಿದ ಒಂದೆರಡು ಗಿಡ ಸಾಕಿತ್ತು, ಹೊಲ ಕೆಡಿಸಲು. 1893–94ರ ಭಾರತೀಯ ಹೆಂಪ್ ಡ್ರಗ್ಸ್ ಆಯೋಗ ಈ ಬೇಸಾಯವನ್ನೆಲ್ಲ ಸಂಪುಟಗಟ್ಟಲೆ ದಾಖಲಿಸಿದೆ. ಕಳೆಗೆ ಯಾರಾದರೂ ಡಾಕ್ಟರನ್ನು ಕರೆಸುತ್ತಾರೆಯೇ?

ಈಗ ಹೆಣ್ಣು ಗಿಡವನ್ನೇ ಕೊಡುವ ಬೀಜ ಬಂದಿದೆ, ಸರಿ. ಆದರೆ ಗಿಡ ಬಳಲಿದರೆ ಅದೇ ಹೆಣ್ಣು ಗಿಡ ಗಂಡು ಹೂವನ್ನೂ ಬಿಟ್ಟೀತು. ತೇವದ ಕೋಣೆಯಲ್ಲಿ ದಟ್ಟವಾದ ಹೂಗೊಂಚಲು ಒಳಗಿಂದಲೇ ಬೂಷ್ಟು ಹಿಡಿಯುತ್ತದೆ. ದೀಪಗಳ ಕರೆಂಟ್ ಬಿಲ್ಲಂತೂ ಪೊಟ್ಟಣದ ಮೇಲೆ ಇರುವುದಿಲ್ಲ.

ನಂಬಿಕೆ: ಎಲ್ಲೆಡೆ ಕಾನೂನು ಸಡಿಲವಾಗಿದೆ, ಒಂದೆರಡು ಗಿಡಕ್ಕೆ ಯಾರು ಕೇಳುತ್ತಾರೆ?

ವಾಷಿಂಗ್ಟನ್ ರಾಜ್ಯ 2012ರಲ್ಲಿ ಗಾಂಜಾ ಮಾರಾಟಕ್ಕೆ ಬಾಗಿಲು ತೆರೆದರೂ ಸಾಮಾನ್ಯ ಜನ ಮನೆಯಲ್ಲಿ ಬೆಳೆಸಲು ಬಿಡಲಿಲ್ಲ. ಸಿಯಾಟಲ್ ಇರುವುದು ಅಲ್ಲೇ! ಜರ್ಮನಿಯಲ್ಲಿ 2024ರ ಏಪ್ರಿಲ್‌ನಿಂದ ವಯಸ್ಕರಿಗೆ ಮೂರು ಗಿಡ. ಕೆನಡಾದಲ್ಲೇ ಕ್ವಿಬೆಕ್ ಪ್ರಾಂತ್ಯ ಒಂದು ಗಿಡಕ್ಕೂ ಒಪ್ಪಲಿಲ್ಲ, 2023ರಲ್ಲಿ ಕೆನಡಾದ ಸುಪ್ರೀಂ ಕೋರ್ಟ್ ಆ ನಿಷೇಧವನ್ನು ಎತ್ತಿಹಿಡಿಯಿತು.

ನಮ್ಮೂರಿನ ಕಟ್ಟೆಪುರಾಣ ಇನ್ನೊಂದು: “ಭಂಗಿ ಸೊಪ್ಪಿಗೆ ಕೇಸಿಲ್ಲ ಬಿಡ್ರೀ.” ಇದು ಅರ್ಧ ಸತ್ಯ. 1985ರ ಎನ್‌ಡಿಪಿಎಸ್ (ಮಾದಕವಸ್ತು) ಕಾಯ್ದೆ ಗಾಂಜಾವನ್ನು ವ್ಯಾಖ್ಯಾನಿಸುವಾಗ ಹೂತುದಿ ಸೇರದ ಎಲೆ, ಬೀಜಗಳನ್ನು ಹೊರಗಿಟ್ಟಿದೆ. ಆದರೆ ಗಿಡ ಬೆಳೆಸುವುದು ಬೇರೆಯೇ ಅಪರಾಧ. ಗಾಂಜಾ ಕುಲದ ಯಾವ ಗಿಡವಾದರೂ ಸರಿ, ಹತ್ತು ವರ್ಷದವರೆಗೆ ಕಠಿಣ ಸೆರೆ, ಒಂದು ಲಕ್ಷ ರೂಪಾಯಿವರೆಗೆ ದಂಡ. ‘ಒಂದು ಕಿಲೋ ತನಕ ಅಲ್ಪ ಪ್ರಮಾಣ’ ಎಂಬ ರಿಯಾಯಿತಿ ಸಿಕ್ಕಿದ ಗಾಂಜಾಕ್ಕೇ ಹೊರತು ಹಿತ್ತಿಲಿನ ಗಿಡಕ್ಕಲ್ಲ. ಉತ್ತರಾಖಂಡದಲ್ಲಿ ನಾರಿಗಾಗಿ ಬೆಳೆಯುವವರೂ ಪರವಾನಗಿ ತೆಗೆದುಕೊಂಡೇ ಬೆಳೆಯಬೇಕು.

ಕೊನೆಗೆ ಹುಡುಗ ಕೇಳಿದ, “ಮಿಕ್ಕ ಬೀಜ ಊರಿಗೆ ತರ್ಲಾ?” ಅವನಿರುವ ದೇಶದ ಕಾನೂನೇ ಗಡಿ ದಾಟಿಸಲು ಬಿಡುವುದಿಲ್ಲ ಎಂದೆ. ಆಗ ಇನ್ನೊಂದು ವಿಷಯ ಹೊರಬಿತ್ತು: ಅವನ ಬಾಡಿಗೆ ಕರಾರಿನಲ್ಲೇ ‘ಈ ಗಿಡ ಬೆಳೆಸಕೂಡದು’ ಎಂದು ಬರೆದಿದೆಯಂತೆ. ಅದನ್ನವನು ಓದಿದ್ದು ಕುಂಡ, ಮಣ್ಣು, ದೀಪ ಎಲ್ಲ ಕೊಂಡ ಮೇಲೆ.