ಬಿಳುಪು ಕಪ್ಪುಗಳ ನಡುವಿನ ಹರವು

ಹಿಪ್ಪರಗಿಯ ಬಳಿ ಕೃಷ್ಣೆಯ ದಂಡೆಯಲ್ಲಿ, ಬೇಸಗೆಯ ನಡುಹಗಲಿನಲ್ಲಿ, ಒಬ್ಬ ಕುರಿಗಾರನ ಚಿತ್ರವನ್ನು ತೆಗೆಯಬೇಕಾಗಿದೆಯೆಂದು ಭಾವಿಸೋಣ. ಬಿಸಿಲಿಗೆ ಕಣ್ಣು ಕೋರೈಸುವ ಬಿಳಿಯ ಧೋತರ. ಹೆಗಲ ಮೇಲೆ ಕರಿಯ ಕಂಬಳಿ, ಅದರ ಮಡಿಕೆಗಳಲ್ಲಿ ಅಡಗಿದ ನೆರಳು. ಮಡಿಕೆಯೊಳಗಿನಿಂದ ಬರುವ ಬೆಳಕು ಒಂದು ಪಾಲಾದರೆ ಧೋತರದಿಂದ ಬರುವುದು ಸಾವಿರ ಪಾಲು ಎಂದಿಟ್ಟುಕೊಳ್ಳಿ. ಹೀಗೆ ದೃಶ್ಯದಲ್ಲಿರುವ ಬೆಳಕಿನ ಅಂತರವನ್ನು, ಫಿಲ್ಮು ಅದರಲ್ಲಿ ಎಷ್ಟನ್ನು ಹಿಡಿಯಬಲ್ಲದೆಂಬುದನ್ನು ಸೂಚಿಸುವ ಮಾತು ‘ಡೈನಮಿಕ್ ರೇಂಜ್’. ಕನ್ನಡದಲ್ಲಿ ‘ಬೆಳಕಿನ ಹರವು’ ಎನ್ನೋಣ.

‘ಡೆನ್ಸಿಟಿ ರೇಂಜ್’ ಅಥವಾ ‘ಸಾಂದ್ರತೆಯ ಹರವು’ ಎಂಬುದು ಬೇರೆಯೇ ವಿಷಯ. ಅದು ದೃಶ್ಯಕ್ಕೆ ಸೇರಿದ್ದಲ್ಲ. ಫಿಲ್ಮಿನ ಅಥವಾ ಕಾಗದದ ಮೇಲೆ ಕುಳಿತ ಬೆಳ್ಳಿಯ ಕಪ್ಪಿಗೆ ಸೇರಿದ್ದು. ಈ ಕಪ್ಪನ್ನು ಅಳೆಯುವ ಶಾಸ್ತ್ರೀಯ ಕ್ರಮವನ್ನು ಇಂಗ್ಲೆಂಡಿನಲ್ಲಿ ಹರ್ಟರ್ ಮತ್ತು ಡ್ರಿಫೀಲ್ಡ್ ಎಂಬಿಬ್ಬರು 1890ರಲ್ಲಿ ಪ್ರಕಟಿಸಿದರು. ಬಿದ್ದ ಬೆಳಕಿನಲ್ಲಿ ಹತ್ತನೆಯ ಒಂದು ಪಾಲು ಮಾತ್ರ ದಾಟಿ ಬಂದರೆ ಸಾಂದ್ರತೆ 1. ನೂರನೆಯ ಒಂದು ಪಾಲಾದರೆ 2. ಅರ್ಧ ಪಾಲಾದರೆ ಸುಮಾರು 0.3. ಅತಿ ಗಾಢವಾದ ಕಡೆಯ ಅಂಕಿಯಿಂದ ಅತಿ ತೆಳುವಾದ ಕಡೆಯ ಅಂಕಿಯನ್ನು ಕಳೆದರೆ ದೊರೆಯುವುದೇ ಸಾಂದ್ರತೆಯ ಹರವು.

ಈಗ ನಮ್ಮ ಕುರಿಗಾರನ ಬಳಿಗೆ ಬರೋಣ. ಸಾವಿರ ಪಟ್ಟು ಎಂದರೆ ಈ ಅಳತೆಯಲ್ಲಿ 3. ಫಿಲ್ಮನ್ನು ಮೃದುವಾಗಿ ಸಂಸ್ಕರಿಸಿದರೆ ಅದು ಈ ಅಂತರವನ್ನು ಅರ್ಧಕ್ಕೆ ಇಳಿಸಿ, 1.5ರಷ್ಟು ಸಾಂದ್ರತೆಯಲ್ಲಿ ಅಡಗಿಸುತ್ತದೆ. ಅಂದರೆ ಸಾವಿರ ಪಟ್ಟಿನದು ಸುಮಾರು ಮೂವತ್ತೆರಡು ಪಟ್ಟಾಯಿತು. ಆದರೂ ಏನೂ ಕಳೆದುಹೋಗಲಿಲ್ಲ. ಎಲ್ಲವೂ ಒತ್ತೊತ್ತಾಗಿ ಕುಳಿತಿತು, ಅಷ್ಟೆ. ಮುದ್ರಣದ ಕಾಗದ ಇದನ್ನು ಮತ್ತೆ ಹಿಗ್ಗಿಸುತ್ತದೆ. ಆದರೆ ನುಣುಪು ಕಾಗದದ ಕಡುಗಪ್ಪೂ ನೂರರಲ್ಲಿ ಒಂದು ಪಾಲಿನಷ್ಟು ಬೆಳಕನ್ನು ಹಿಂದಿರುಗಿಸುವುದರಿಂದ ಅದರ ಹರವು ಸುಮಾರು 2, ಎಂದರೆ ನೂರು ಪಟ್ಟು. ಸಾವಿರ, ಮೂವತ್ತೆರಡು, ನೂರು: ಅಂಕಿಗಳು ಮೂರು, ಮನುಷ್ಯನೊಬ್ಬನೇ. ಸಾಂದ್ರತೆಯ ಹರವು ಕಿರಿದಾಗಿರುವುದರಿಂದ ಫಿಲ್ಮು ಹಿಡಿದ ಬೆಳಕೂ ಕಿರಿದೆಂದು ತಿಳಿಯುವುದು ಸರಿಯಲ್ಲ.

ಕಾಗದದ ಆಯ್ಕೆಯಲ್ಲಿ ಮಾತ್ರ ಎಚ್ಚರ ಬೇಕು. ಈ ನೆಗೆಟಿವ್‌ಗೆ ಮೃದು ದರ್ಜೆಯ ಕಾಗದ ಒಗ್ಗುತ್ತದೆ. ಕಠಿಣ ದರ್ಜೆಯದನ್ನು ಬಳಸಿದರೆ ಧೋತರ ಬರಿಯ ಬಿಳಿ ಕಾಗದವಾಗುತ್ತದೆ, ಇಲ್ಲವೆ ಕಂಬಳಿ ಮಸಿಯಾಗುತ್ತದೆ. ಧೋತರದ ನೆರಿಗೆಯನ್ನು ಉಳಿಸಹೊರಟವನು ಆ ಬಿಸಿಲುಂಡ ಮುಖವನ್ನೇ ಕತ್ತಲೆಗೆ ತಳ್ಳಿಬಿಡಬಹುದು.

ನಮ್ಮ ಸೀಮೆಯಲ್ಲಿ ಈ ವ್ಯವಹಾರ ಹಳೆಯದು. ಮುಂಬಯಿ ಸರ್ಕಾರ ನೇಮಿಸಿದ ಥಾಮಸ್ ಬಿಗ್ಸ್ 1855ರಲ್ಲಿ ವಿಜಾಪುರ, ಬಾದಾಮಿ, ಐಹೊಳೆ, ಪಟ್ಟದಕಲ್ಲುಗಳನ್ನು ಕಾಗದದ ನೆಗೆಟಿವ್‌ಗಳ ಮೇಲೆ ಹಿಡಿದನು. ಅವನ ಹಾಗೂ ಅವನ ನಂತರ ಬಂದವರ ಚಿತ್ರಗಳು 1866ರಲ್ಲಿ ಲಂಡನ್ನಿನಲ್ಲಿ ಗ್ರಂಥರೂಪದಲ್ಲಿ ಹೊರಬಂದವು. ಆ ಕಾಲದ ಮುದ್ರಣದ ಕಾಗದ ಬಿಸಿಲಿನಲ್ಲಿ ತಾನಾಗಿಯೇ ಕಪ್ಪಾಗುತ್ತಿತ್ತು. ಮೊದಲು ಕಪ್ಪಾದ ಭಾಗ ತನ್ನ ಕಪ್ಪನ್ನೇ ಕೊಡೆಯಂತೆ ಹಿಡಿದು, ಇನ್ನಷ್ಟು ಕಪ್ಪಾಗುವುದನ್ನು ನಿಧಾನಗೊಳಿಸುತ್ತಿತ್ತು. ಆದ್ದರಿಂದ ಬಲು ದೊಡ್ಡ ಸಾಂದ್ರತೆಯ ಹರವನ್ನೂ ಅದು ತಾಳಿಕೊಳ್ಳುತ್ತಿತ್ತು. ಅದಕ್ಕೆಂದು ಸಿದ್ಧಪಡಿಸಿದ ನೆಗೆಟಿವ್ ನಂತರದ ಸಾಮಾನ್ಯ ಕಾಗದಕ್ಕೆ ತೀರ ಕಠೋರವಾಗುತ್ತದೆ. ನೆಗೆಟಿವ್ ಒಳ್ಳೆಯದೋ ಕೆಟ್ಟದೋ ಎಂದು ಕೇಳುವ ಮೊದಲು, ಅದು ಯಾವ ಕಾಗದಕ್ಕೆ ಎಂದು ಕೇಳಬೇಕು.

ಇಂದಿನ ಒಳ್ಳೆಯ ಡಿಜಿಟಲ್ ಕ್ಯಾಮೆರಾ ಸಾವಿರ ಪಟ್ಟಿಗೂ ಮಿಗಿಲಾದ ಬೆಳಕಿನ ಹರವನ್ನು ಹಿಡಿಯುತ್ತದೆ. ಆದರೆ ಕಾಗದ ಕಾಗದವೇ. ಅದರ ಬಿಳುಪಿಗೂ ಕಪ್ಪಿಗೂ ಇರುವ ದೂರ ಹೆಚ್ಚೇನೂ ಬೆಳೆದಿಲ್ಲ.

ಇದರಿಂದ ಮನೆವಾರ್ತೆಗೆ ಸಲ್ಲುವ ಒಂದು ಮಾತನ್ನು ಹೇಳಬಯಸುತ್ತೇನೆ. ಹಿರಿಯರ ಚಿತ್ರಗಳನ್ನು ಚೌಕಟ್ಟು ಹಾಕಿಸಿ, ನೆಗೆಟಿವ್‌ಗಳನ್ನು ಕಸಕ್ಕೆ ಎಸೆಯುವವರನ್ನು ನಾನು ಬಲ್ಲೆ. ಗೋಡೆಯ ಮೇಲಿನ ಚಿತ್ರ ನೆಗೆಟಿವ್‌ನ ಒಂದು ಓದು ಮಾತ್ರ. ಅಲ್ಲಿ ಮಸಿಯಾಗಿ ಕಾಣುವ ಅಜ್ಜಿಯ ಸೀರೆಯ ಅಂಚು, ನೆರಳಿನಲ್ಲಿ ನಿಂತ ಮಗುವಿನ ಮುಖ, ಮೂಲದಲ್ಲಿ ತೆಳುವಾಗಿ ಇನ್ನೂ ಉಳಿದಿರಬಹುದು. ಅದನ್ನು ಮತ್ತೊಮ್ಮೆ ಓದುವವರು ಮುಂದೆ ಬಂದಾರು. ಅವರಿಗಾಗಿ ಆ ನೆಗೆಟಿವ್‌ಗಳನ್ನು ಜೋಪಾನವಾಗಿಡಿ.