ಮಹಾನಗರದಲ್ಲಿ ಸುಸಜ್ಜಿತ ಬಾಡಿಗೆ ಮನೆ: ಸಹಿಗೆ ಮುನ್ನ ಮಾಡಬೇಕಾದ ಲೆಕ್ಕ

ನಮ್ಮ ಸಂಸ್ಥೆಯ ಸದಸ್ಯರಲ್ಲಿ ಬೆಂಗಳೂರಿನಲ್ಲಿ ಶಾಖೆಯನ್ನೋ ಮಾರಾಟ ಕಚೇರಿಯನ್ನೋ ತೆರೆದವರು ಅನೇಕರಿದ್ದಾರೆ. ಶಾಖೆ ತೆರೆದ ಮೇಲೆ ವ್ಯವಸ್ಥಾಪಕರೊಬ್ಬರು ಬೇಕು. ವ್ಯವಸ್ಥಾಪಕರಿಗೆ ಮನೆ ಬೇಕು. ಮೊದಲ ತಿಂಗಳು ಗಾಂಧಿನಗರದ ಲಾಡ್ಜಿನಲ್ಲಿ ಹೇಗೋ ಕಳೆಯುತ್ತದೆ. ಆ ಬಳಿಕ ಮಂಚ, ಸೋಫಾ, ಫ್ರಿಜ್, ವಾಷಿಂಗ್ ಮೆಷಿನ್ ಸಮೇತ ಸಿದ್ಧವಾಗಿರುವ, ಕೈಪೆಟ್ಟಿಗೆ ಹಿಡಿದು ಒಳಗೆ ಹೋಗಬಹುದಾದ ಅಪಾರ್ಟ್‌ಮೆಂಟಿನ ಶೋಧ ಆರಂಭವಾಗುತ್ತದೆ. ಇಂತಹ ಮನೆಗಳ ಕಾಗದಪತ್ರಗಳು ಲೆಕ್ಕಪರಿಶೋಧನೆಯ ವೇಳೆ ನನ್ನ ಮೇಜಿಗೆ ಬರುತ್ತವೆ. ಬಾಡಿಗೆಯ ಮೊತ್ತದ ಬಗ್ಗೆ ಒಂದು ವಾರ ಚೌಕಾಸಿ ಮಾಡಿದ ವ್ಯಾಪಾರಸ್ಥರು, ಮನೆಯ ಮಾಲೀಕರು ಯಾರು, ಎಲ್ಲಿದ್ದಾರೆ, ಒಳಗಿನ ಸಾಮಾನು ಯಾವ ಸ್ಥಿತಿಯಲ್ಲಿದೆ ಎಂಬುದನ್ನು ಕೇಳದೆಯೇ ಸಹಿ ಮಾಡಿರುವುದನ್ನು ಕಂಡು ನನಗೆ ಆಶ್ಚರ್ಯವಾಗುತ್ತದೆ.

ದಾವಣಗೆರೆ ಕಡೆಯ ನನ್ನ ಕಕ್ಷಿದಾರರೊಬ್ಬರ ಪ್ರಸಂಗವನ್ನು ಇಲ್ಲಿ ಆಧಾರವಾಗಿ ಇಟ್ಟುಕೊಳ್ಳುತ್ತೇನೆ. ಅವರದು ಪ್ರೈವೇಟ್ ಲಿಮಿಟೆಡ್ ಕಂಪನಿ. 2021ರ ಜೂನ್‌ನಲ್ಲಿ ಬೆಂಗಳೂರಿನ ದಕ್ಷಿಣ ಭಾಗದಲ್ಲಿ ಎರಡು ಮಲಗುವ ಕೋಣೆಗಳ ಸುಸಜ್ಜಿತ ಮನೆಯನ್ನು ತಿಂಗಳಿಗೆ ರೂ. 45,000 ಬಾಡಿಗೆಗೆ, ರೂ. 4,50,000 ಅಡ್ವಾನ್ಸ್ ಕೊಟ್ಟು ಹಿಡಿದರು. 2023ರ ಮಾರ್ಚ್‌ವರೆಗೆ, ಅಂದರೆ 22 ತಿಂಗಳು, ಅವರ ಶಾಖಾ ವ್ಯವಸ್ಥಾಪಕರು ಕುಟುಂಬ ಸಮೇತ ಅಲ್ಲಿ ವಾಸವಿದ್ದರು. ಮನೆ ಬಿಟ್ಟ ನಂತರ ಒಂದರ ಹಿಂದೆ ಒಂದರಂತೆ ಮೂರು ತೊಂದರೆಗಳು ಎದುರಾದವು.

ಸೋಫಾದ ಬೆಲೆ

ಮೊದಲನೆಯದು ಅಡ್ವಾನ್ಸ್‌ನ ವಿಚಾರ. ಮಾಲೀಕರ ಕಡೆಯವರು ಬಣ್ಣ ಬಳಿಸಲು ಒಂದು ತಿಂಗಳ ಬಾಡಿಗೆಯನ್ನು ಹಿಡಿದುಕೊಂಡರು. ಇದು ಬೆಂಗಳೂರಿನ ರೂಢಿ, ಕರಾರಿನಲ್ಲಿಯೂ ಬರೆದಿತ್ತು. ಅದರ ಮೇಲೆ ಸೋಫಾ ಹಾಳಾಗಿದೆಯೆಂದು ರೂ. 60,000 ಕಡಿತ ಮಾಡಿದರು. ಬಟ್ಟೆ ಹರಿದು ಸ್ಪ್ರಿಂಗ್ ಕುಸಿದಿದ್ದು ನಿಜ. ಆದರೆ ತಾವು ಬರುವಾಗಲೇ ಅದು ಹಾಗಿತ್ತೆಂದು ವ್ಯವಸ್ಥಾಪಕರು ಹೇಳಿದರು. ಇರಲಿಲ್ಲವೆಂದು ಅವರು. ಕರಾರಿನಲ್ಲಿ ಇದ್ದದ್ದು ‘ಸೋಫಾ ಸೆಟ್ – 1’ ಎಂಬ ಒಂದೇ ಸಾಲು.

1882ರ ಸ್ವತ್ತು ವರ್ಗಾವಣೆ ಕಾಯಿದೆಯ 108ನೆಯ ಕಲಮಿನ ಪ್ರಕಾರ ಬಾಡಿಗೆದಾರನು ಸ್ವತ್ತನ್ನು ತಾನು ಪಡೆದ ಸ್ಥಿತಿಯಲ್ಲಿ ಹಿಂದಿರುಗಿಸಬೇಕು. ಆದರೆ ಸಹಜ ಬಳಕೆಯ ಸವಕಳಿಗೆ ಅವನು ಹೊಣೆಯಲ್ಲ. ಬಾಡಿಗೆ ಕಾಯಿದೆಯ ರಕ್ಷಣೆ ಇದೆಯೆಂದು ಕೆಲವರು ಭಾವಿಸುತ್ತಾರೆ. 1999ರ ಕರ್ನಾಟಕ ಬಾಡಿಗೆ ಕಾಯಿದೆಯು ಬೆಂಗಳೂರಿನಲ್ಲಿ ತಿಂಗಳಿಗೆ ರೂ. 3,500 ಮೀರಿದ ಮನೆಗಳನ್ನು ಹೊರಗಿಟ್ಟಿರುವುದರಿಂದ, ಸುಸಜ್ಜಿತ ಅಪಾರ್ಟ್‌ಮೆಂಟುಗಳ ವಿಷಯದಲ್ಲಿ ಕರಾರು ಪತ್ರವೇ ಶಾಸನ. ವಸತಿ ಬಾಡಿಗೆಗೆ ಎರಡು ತಿಂಗಳಿಗಿಂತ ಹೆಚ್ಚು ಠೇವಣಿ ಕೂಡದೆಂದು ಕೇಂದ್ರದ 2021ರ ಮಾದರಿ ಬಾಡಿಗೆ ಕಾಯಿದೆ ಹೇಳುತ್ತದೆ. ಅದು ಮಾದರಿ ಮಾತ್ರ. ಅಂಗೀಕರಿಸುವುದು ರಾಜ್ಯಗಳಿಗೆ ಬಿಟ್ಟದ್ದು.

ಆದುದರಿಂದ ಸಾಮಾನುಗಳ ಪಟ್ಟಿಯನ್ನು ನಾವು ಸರಕಿನ ದಾಸ್ತಾನು ಪುಸ್ತಕ ಬರೆಯುವಷ್ಟೇ ಶ್ರದ್ಧೆಯಿಂದ ಬರೆಯಬೇಕು. ವಸ್ತು, ತಯಾರಕರ ಹೆಸರು, ಕ್ರಮಸಂಖ್ಯೆ, ಕೊಂಡ ವರ್ಷ, ಕೊಂಡ ಬೆಲೆ, ಇಂದಿನ ಸ್ಥಿತಿ ಇಷ್ಟೂ ಇರಲಿ. ದಿನಾಂಕ ಸಹಿತ ಛಾಯಾಚಿತ್ರಗಳಿರಲಿ. ಗೀಸರ್, ಎಸಿ, ಒಲೆ, ನಲ್ಲಿ ಇವುಗಳನ್ನು ಚಾಲೂ ಮಾಡಿ ನೋಡಿ, ವಿದ್ಯುತ್ ಮೀಟರಿನ ಅಂಕಿಯನ್ನೂ ಬರೆದು, ಉಭಯಪಕ್ಷದವರು ಪ್ರತಿ ಪುಟಕ್ಕೂ ಸಹಿ ಹಾಕಬೇಕು. ಎಸಿಯ ವಾರ್ಷಿಕ ನಿರ್ವಹಣೆ ಯಾರದು, ಫ್ರಿಜ್ ಕೆಟ್ಟರೆ ಎಷ್ಟು ದಿನದಲ್ಲಿ ದುರಸ್ತಿಯಾಗಬೇಕು ಎಂಬುದೂ ಅಲ್ಲಿಯೇ ಇರಲಿ. ಇದಕ್ಕಿಂತ ಮುಖ್ಯವಾಗಿ, ವಸ್ತು ಹಾಳಾದರೆ ಹೊಸದರ ಬೆಲೆಯನ್ನಲ್ಲ, ಸವಕಳಿ ಕಳೆದ ಬೆಲೆಯನ್ನು ಮಾತ್ರ ಹಿಡಿಯತಕ್ಕದ್ದೆಂಬ ಷರತ್ತು ಬರೆಸಿರಿ. ಆ ಸೋಫಾ 2016ರಲ್ಲಿ ಕೊಂಡದ್ದು. ಪೀಠೋಪಕರಣಗಳಿಗೆ ಆದಾಯ ತೆರಿಗೆ ನಿಯಮಗಳು ಒಪ್ಪುವ ಶೇ. 10ರ ದರದಲ್ಲಿ ಏಳು ವರ್ಷದ ಸವಕಳಿ ಕಳೆದರೆ ರೂ. 60,000ದಲ್ಲಿ ಉಳಿಯುವುದು ರೂ. 28,698. ಈ ಲೆಕ್ಕವನ್ನು ನಾನು ಮಾಲೀಕರ ಕಡೆಯವರ ಮುಂದಿಟ್ಟಾಗ ಅವರು ನಕ್ಕರು. ಕರಾರಿನಲ್ಲಿ ಇಲ್ಲದ ಲೆಕ್ಕಕ್ಕೆ ಬೇರೆ ಬೆಲೆಯಾದರೂ ಏನು?

ಮಾಲೀಕರು ಎಲ್ಲಿದ್ದಾರೆ?

ಎರಡನೆಯ ತೊಂದರೆ ಆದಾಯ ತೆರಿಗೆ ಇಲಾಖೆಯ ನೋಟೀಸಿನ ರೂಪದಲ್ಲಿ ಬಂತು. ಸುಸಜ್ಜಿತ ಮನೆಗಳಲ್ಲಿ ಅನೇಕವು ತಾವು ವಾಸಿಸಲೆಂದು ಸಜ್ಜುಗೊಳಿಸಿ, ಆ ಬಳಿಕ ವಿದೇಶಕ್ಕೆ ಹೋದವರವು. ಈ ಮನೆಯೂ ಹಾಗೆಯೇ. ಬಾಡಿಗೆ ಜಮೆಯಾಗುತ್ತಿದ್ದುದು ಮಾಲೀಕರ ಬೆಂಗಳೂರಿನ ಖಾತೆಗೆ; ಬೀಗದ ಕೈ ಕೊಟ್ಟವರು, ಕರಾರಿಗೆ ಸಹಿ ಹಾಕಿದವರು ಅವರ ತಾಯಿ. ಮಾಲೀಕರು ಅಮೆರಿಕದ ವಾಸಿಗಳೆಂದೂ, ತಾಯಿಯವರು ಅಧಿಕಾರಪತ್ರದಾರರೆಂದೂ ಕರಾರಿನ ಮೊದಲ ಪುಟದಲ್ಲಿಯೇ ಇತ್ತು. ಕಂಪನಿಯ ಗುಮಾಸ್ತರು ಅದನ್ನು ಗಮನಿಸದೆ, ಭಾರತದ ನಿವಾಸಿಗೆ ಕೊಡುವ ಬಾಡಿಗೆಯಂತೆ 194-ಐ ಕಲಮಿನಡಿ ಶೇ. 10 ಕಡಿತ ಮಾಡುತ್ತ ಬಂದರು. ಅನಿವಾಸಿ ಮಾಲೀಕರಿಗೆ ಅನ್ವಯಿಸುವುದು 195ನೆಯ ಕಲಮು. ಅಲ್ಲಿ ಕನಿಷ್ಠ ಮಿತಿಯೆಂಬುದೇ ಇಲ್ಲ, ದರ ಶೇ. 30, ಸೆಸ್ ಸೇರಿ ಶೇ. 31.2. ಒಟ್ಟು ಬಾಡಿಗೆ ರೂ. 9,90,000ಕ್ಕೆ ಕಡಿತದ ಕೊರತೆ ರೂ. 2,09,880, ಅದರ ಮೇಲೆ ಬಡ್ಡಿ ಬೇರೆ. ಬಾಡಿಗೆದಾರರು ತಮ್ಮದಲ್ಲದ ತೆರಿಗೆಗೆ ತಾವೇ ಸುಸ್ತಿದಾರರಾದರು.

ಇಲ್ಲಿ ಒಂದು ದಾರಿ ಇದೆ. ಹಣ ಪಡೆದವರು ಆ ಆದಾಯವನ್ನು ತಮ್ಮ ವಿವರಣಾ ಪತ್ರದಲ್ಲಿ ತೋರಿಸಿ ತೆರಿಗೆ ಕಟ್ಟಿದ್ದರೆ, ಲೆಕ್ಕಪರಿಶೋಧಕರ ಪ್ರಮಾಣಪತ್ರದೊಂದಿಗೆ 26-ಎ ನಮೂನೆ ಸಲ್ಲಿಸಿದಲ್ಲಿ, ಕಡಿತ ಮಾಡಬೇಕಾದವರನ್ನು ಸುಸ್ತಿದಾರರೆಂದು ಪರಿಗಣಿಸುವುದಿಲ್ಲ. ಮೊದಲು ನಿವಾಸಿಗಳಿಗೆ ಮಾತ್ರ ಇದ್ದ ಈ ಸೌಲಭ್ಯ 2019ರ ಸೆಪ್ಟೆಂಬರ್ 1ರಿಂದ ಅನಿವಾಸಿಗಳಿಗೆ ಸಂದಾಯವಾದ ಹಣಕ್ಕೂ ವಿಸ್ತರಿಸಿತು. ಆದರೆ ಅಡ್ವಾನ್ಸ್ ವಿಚಾರದಲ್ಲಿ ಮನಸ್ತಾಪವಾಗಿದ್ದರಿಂದ ಮಾಲೀಕರು ನಮ್ಮ ಪತ್ರಗಳಿಗೆ ಉತ್ತರಿಸಲಿಲ್ಲ. ಕೊನೆಗೆ ನಾನೇ ಅವರ ತಾಯಿಯವರನ್ನು ಭೇಟಿಯಾಗಿ ವಿಷಯ ತಿಳಿಸಿದೆ. ಆ ಹಿರಿಯರು ಎಲ್ಲವನ್ನೂ ಸಮಾಧಾನದಿಂದ ಕೇಳಿ, ‘ಸೋಫಾದ ದುಡ್ಡು ಬೇರೆ, ಇದು ಬೇರೆ’ ಎಂದು ಹೇಳಿ, ಮಗನ ತೆರಿಗೆ ಸಲಹೆಗಾರರ ದೂರವಾಣಿ ಸಂಖ್ಯೆ ಕೊಟ್ಟರು. ಮಗ ತೆರಿಗೆ ಕಟ್ಟಿದ್ದರು. ಬೇಡಿಕೆ ಬಡ್ಡಿಯ ಮಟ್ಟಕ್ಕೆ ಇಳಿಯಿತು. ಕಟ್ಟಿರದಿದ್ದರೆ ಕಂಪನಿಯು ಎರಡು ಲಕ್ಷಕ್ಕೂ ಮೀರಿದ ಹಣವನ್ನು ಕೈಯಿಂದ ತೆರಬೇಕಾಗುತ್ತಿತ್ತು.

ನಿವಾಸಿ ಮಾಲೀಕರಾದರೆ ಕಡಿತದ ಮಿತಿ 2025ರ ಏಪ್ರಿಲ್ 1ರಿಂದ ತಿಂಗಳಿಗೆ ರೂ. 50,000, ಅದಕ್ಕೆ ಮುನ್ನ ವರ್ಷಕ್ಕೆ ರೂ. 2,40,000 ಇತ್ತು. ಮನೆಗೆ ರೂ. 40,000, ಸಾಮಾನಿಗೆ ರೂ. 12,000 ಎಂದು ಎರಡು ಕರಾರು ಮಾಡಿಕೊಂಡು ಮಿತಿಯೊಳಗೆ ಇರಬಹುದೆಂದು ದಲ್ಲಾಳಿಗಳು ಸಲಹೆ ಕೊಡುತ್ತಾರೆ. ಕಂಪನಿಗಳ ವಿಷಯದಲ್ಲಿ ಇದು ತಪ್ಪು. 194-ಐ ಕಲಮಿನ ‘ಬಾಡಿಗೆ’ ಪದದಲ್ಲಿಯೇ ಪೀಠೋಪಕರಣ, ಜೋಡಣೆಗಳೂ ಸೇರಿವೆ. ಇಲ್ಲಿನ ಕಲಮುಗಳ ಸಂಖ್ಯೆಗಳು 1961ರ ಕಾಯಿದೆಯವು. 2025ರ ಹೊಸ ಆದಾಯ ತೆರಿಗೆ ಕಾಯಿದೆಯಲ್ಲಿ ಸಂಖ್ಯೆಗಳು ಬೇರೆ ಎಂಬುದನ್ನು ಓದುಗರು ಗಮನಿಸಬೇಕು.

ಯಾರ ಹೆಸರಿನಲ್ಲಿ ಹಿಡಿಯಬೇಕು?

ಮೂರನೆಯದು ಜಿ.ಎಸ್.ಟಿ. ವಾಸದ ಮನೆಯ ಬಾಡಿಗೆಗೆ ಜಿ.ಎಸ್.ಟಿ. ಇಲ್ಲವೆಂಬುದು ಎಲ್ಲರಿಗೂ ಗೊತ್ತು. 2022ರ ಜುಲೈ 18ರಿಂದ ಅದು ಪೂರ್ಣ ಸತ್ಯವಾಗಿ ಉಳಿದಿಲ್ಲ. ಬಾಡಿಗೆದಾರರು ನೋಂದಾಯಿತ ವ್ಯಾಪಾರಸ್ಥರಾದರೆ ರಿವರ್ಸ್ ಚಾರ್ಜ್ ಕ್ರಮದಲ್ಲಿ ಶೇ. 18ರಂತೆ ಅವರೇ ಕಟ್ಟಬೇಕು. ನಮ್ಮ ಕಕ್ಷಿದಾರರಿಗೆ ಇದು ತಿಂಗಳಿಗೆ ರೂ. 8,100, ತಡವಾದುದಕ್ಕೆ ವಾರ್ಷಿಕ ಶೇ. 18ರ ಬಡ್ಡಿ ಸೇರಿ ಕಟ್ಟಿದರು. ಈ ತೆರಿಗೆಯ ಜಮೆ ದೊರೆಯುವುದೋ ಇಲ್ಲವೋ ಎಂಬುದು ವಾದಕ್ಕೆ ಆಸ್ಪದವಿರುವ ವಿಷಯ. ಮನೆ ಹಿಡಿಯುವ ಮುನ್ನ ಲೆಕ್ಕ ಹಾಕುವಾಗ ಅದನ್ನು ಖರ್ಚೆಂದೇ ಭಾವಿಸುವುದು ಕ್ಷೇಮ. ಏಕಮಾಲೀಕತ್ವದ ವ್ಯಾಪಾರಿಯು ತನ್ನ ಸ್ವಂತ ವಾಸಕ್ಕೆ, ವೈಯಕ್ತಿಕ ಹೆಸರಿನಲ್ಲಿ, ವ್ಯವಹಾರದ ಲೆಕ್ಕಕ್ಕೆ ಸೇರಿಸದೆ ಹಿಡಿದ ಮನೆಗೆ 2023ರ ಜನವರಿ 1ರಿಂದ ವಿನಾಯಿತಿ ಇದೆ. ಪಾಲುದಾರಿಕೆ ಸಂಸ್ಥೆ, ಕಂಪನಿಗಳಿಗೆ ಇಲ್ಲ.

ಹಾಗಾದರೆ ನೌಕರರೇ ತಮ್ಮ ಹೆಸರಿನಲ್ಲಿ ಮನೆ ಹಿಡಿಯಲಿ, ಕಂಪನಿ ಮನೆಬಾಡಿಗೆ ಭತ್ಯೆ ಕೊಡಲಿ ಎನ್ನಬಹುದು. ಜಿ.ಎಸ್.ಟಿ. ಉಳಿಯುತ್ತದೆ, ನಿಜ. ಆದರೆ ಹೊಸ ತೆರಿಗೆ ಪದ್ಧತಿಯಲ್ಲಿರುವ ನೌಕರರಿಗೆ ಆ ಭತ್ಯೆಯ ಮೇಲೆ ವಿನಾಯಿತಿ ಇಲ್ಲ. ಪೂರ್ಣ ಮೊತ್ತ ಸಂಬಳಕ್ಕೆ ಸೇರುತ್ತದೆ. ಕಂಪನಿಯೇ ಬಾಡಿಗೆಗೆ ಹಿಡಿದು ವಸತಿ ಕೊಟ್ಟರೆ, 2023ರ ಸೆಪ್ಟೆಂಬರ್‌ನಿಂದ ಬದಲಾದ ನಿಯಮದಂತೆ ಸವಲತ್ತಿನ ಮೌಲ್ಯ ಸಂಬಳದ ಶೇ. 10 ಅಥವಾ ನಿಜವಾದ ಬಾಡಿಗೆ, ಯಾವುದು ಕಡಿಮೆಯೋ ಅದು. ಒಂಬತ್ತು ಲಕ್ಷ ಸಂಬಳದವರಿಗೆ ಇದು ರೂ. 90,000 ಮಾತ್ರ. ಸಾಮಾನಿನ ವಿಷಯದಲ್ಲಿ ಮತ್ತೊಂದು ಸೂಕ್ಷ್ಮವಿದೆ. ಪೀಠೋಪಕರಣ ಕಂಪನಿಯ ಸ್ವಂತದ್ದಾದರೆ ಅದರ ಬೆಲೆಯ ಶೇ. 10 ಸವಲತ್ತಿಗೆ ಸೇರುತ್ತದೆ. ಬಾಡಿಗೆಗೆ ತಂದದ್ದಾದರೆ ಕೊಟ್ಟ ಬಾಡಿಗೆಯೆಲ್ಲವೂ ಸೇರುತ್ತದೆ. ಸಾಮಾನಿಗೆಂದು ತಿಂಗಳಿಗೆ ರೂ. 12,000 ಬೇರೆ ತೋರಿಸಿದರೆ ವರ್ಷಕ್ಕೆ ರೂ. 1,44,000 ನೌಕರರ ಸಂಬಳಕ್ಕೆ ಕೂಡುತ್ತದೆ. ಅದೇ ಸಾಮಾನನ್ನು ಕಂಪನಿಯು ರೂ. 3,50,000ಕ್ಕೆ ಕೊಂಡಿದ್ದರೆ ಕೂಡುವುದು ರೂ. 35,000.

ಮಾಲೀಕರ ಹಿತ ಇದಕ್ಕೆ ತದ್ವಿರುದ್ಧ. ಮನೆ ಬಾಡಿಗೆಯಲ್ಲಿ ಅವರಿಗೆ ಶೇ. 30ರ ನೇರ ಕಡಿತ ದೊರೆಯುತ್ತದೆ. ಮನೆ ಮತ್ತು ಸಾಮಾನು ಬೇರ್ಪಡಿಸಲಾಗದ ಒಂದೇ ಬಾಡಿಗೆಯೆಂದಾದರೆ ಅದು ‘ಇತರ ಮೂಲಗಳ ಆದಾಯ’ವಾಗಿ, ಆ ಕಡಿತ ಹೋಗಿ, ದುರಸ್ತಿ, ವಿಮೆ, ಸವಕಳಿ ಇಷ್ಟೇ ಉಳಿಯುತ್ತವೆ. ಬೇರ್ಪಡಿಸಲಾಗದ ಬಾಡಿಗೆಯನ್ನು ಗುರುತಿಸುವ ಒರೆಗಲ್ಲನ್ನು ಸರ್ವೋಚ್ಚ ನ್ಯಾಯಾಲಯ ಸುಲ್ತಾನ್ ಬ್ರದರ್ಸ್ ಪ್ರಕರಣದಲ್ಲಿ ಕೊಟ್ಟಿದೆ. ಆ ತೀರ್ಪು 1964ರ ವರದಿಗಳಲ್ಲಿದೆ. ಹೀಗಾಗಿ ಮಾಲೀಕರು ಎರಡು ಕರಾರು ಕೇಳುತ್ತಾರೆ. ಕೇಳಿದಾಗ ಒಪ್ಪುವ ಮುನ್ನ, ನೌಕರರ ಮೇಲೆ ಬೀಳುವ ಭಾರವನ್ನು ತೋರಿಸಿ ಬಾಡಿಗೆಯಲ್ಲಿ ಇಳಿತ ಕೇಳುವ ಅವಕಾಶ ನಮಗಿದೆ.

ಸುಸಜ್ಜಿತ ಮನೆಯೇ ಬೇಕೆ?

ಖಾಲಿ ಮನೆಗೆ ರೂ. 28,000, ಅದೇ ಮನೆ ಸುಸಜ್ಜಿತವಾದರೆ ರೂ. 40,000 ಎಂದಿಟ್ಟುಕೊಳ್ಳೋಣ. ಹನ್ನೊಂದು ತಿಂಗಳಿಗೆ ಹೆಚ್ಚುವರಿ ರೂ. 1,32,000; ಮೂರು ವರ್ಷಕ್ಕೆ ರೂ. 4,32,000. ರೂ. 3,50,000ದ ಸಾಮಾನು ಕೊಂಡರೆ ಇಪ್ಪತ್ತೊಂಬತ್ತು ತಿಂಗಳ ಬಳಿಕ ಕೊಂಡದ್ದೇ ಲಾಭ. ಮರುಮಾರಾಟದ ಬೆಲೆ ಹಿಡಿದರೆ ಇನ್ನೂ ಬೇಗ. ಹತ್ತು ತಿಂಗಳ ಅಡ್ವಾನ್ಸ್ ರೂ. 4,00,000 ಬಡ್ಡಿಯಿಲ್ಲದೆ ಕೂಡುತ್ತದೆ. ಓವರ್‌ಡ್ರಾಫ್ಟ್‌ಗೆ ಶೇ. 10 ಬಡ್ಡಿ ಕೊಡುವವರಿಗೆ ಅದರಿಂದ ತಿಂಗಳಿಗೆ ರೂ. 3,333 ಖರ್ಚು. ಆದುದರಿಂದ ಬಾಡಿಗೆ ಇಳಿಸಲು ಒಪ್ಪದ ಮಾಲೀಕರಲ್ಲಿ ಅಡ್ವಾನ್ಸ್ ಇಳಿಸಲು ಕೇಳಿರಿ. ತಿಂಗಳಿಗೆ ಹತ್ತೇ ರಾತ್ರಿ ತಂಗುವವರಿಗೆ ಮನೆಯ ಅಗತ್ಯವೇ ಇಲ್ಲ. ದಿನಕ್ಕೆ ರೂ. 7,500ರವರೆಗಿನ ಹೋಟೆಲ್ ಕೋಣೆಗೆ 2025ರ ಸೆಪ್ಟೆಂಬರ್ 22ರಿಂದ ಜಿ.ಎಸ್.ಟಿ. ಶೇ. 12ರಿಂದ ಶೇ. 5ಕ್ಕೆ ಇಳಿದಿದೆ.

ಸ್ಥಳದ ಬಗ್ಗೆ ಒಂದು ಮಾತು. ಸುಸಜ್ಜಿತ ಮನೆಯೆಂದರೆ ವೈಟ್‌ಫೀಲ್ಡ್, ಕೋರಮಂಗಲ ಎಂದು ದಲ್ಲಾಳಿಗಳು ತೋರಿಸುತ್ತಾರೆ. ಪೀಣ್ಯದಲ್ಲಿ ವ್ಯವಹಾರವಿರುವವರಿಗೆ, ಚಿಕ್ಕಪೇಟೆಯ ಜವಳಿ ವ್ಯಾಪಾರಿಗಳಿಗೆ ಇವು ಅನುಕೂಲವಲ್ಲ. ಮೆಟ್ರೋ ಹಸಿರು ಮಾರ್ಗದಲ್ಲಿ ಪೀಣ್ಯ, ಯಶವಂತಪುರ, ರಾಜಾಜಿನಗರ, ಮೆಜೆಸ್ಟಿಕ್, ಚಿಕ್ಕಪೇಟೆ ಒಂದೇ ಸಾಲಿನಲ್ಲಿವೆ. ಹುಬ್ಬಳ್ಳಿ ಕಡೆಯ ರೈಲುಗಳಲ್ಲಿ ಹಲವು ಯಶವಂತಪುರದಲ್ಲಿ ನಿಲ್ಲುತ್ತವೆ. ಮತ್ತೊಂದು, ನೀರು. 2024ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿ ಹಲವು ಅಪಾರ್ಟ್‌ಮೆಂಟುಗಳು ಟ್ಯಾಂಕರ್ ನೀರನ್ನೇ ನೆಚ್ಚಬೇಕಾಯಿತು. ಕಾವೇರಿ ಸಂಪರ್ಕ ಇದೆಯೇ, ಟ್ಯಾಂಕರ್ ವೆಚ್ಚ ಮೇಂಟೆನೆನ್ಸ್‌ನಲ್ಲಿ ಸೇರಿದೆಯೇ ಎಂದು ಮಾಲೀಕರನ್ನಲ್ಲ, ಕಾವಲುಗಾರರನ್ನು ಕೇಳುವುದು ಉತ್ತಮ.

ನಮ್ಮ ಕಕ್ಷಿದಾರರು ಈಗ ರಾಜಾಜಿನಗರದಲ್ಲಿ ಖಾಲಿ ಮನೆಯನ್ನೇ ಹಿಡಿದು, ಸಾಮಾನನ್ನು ಕಂಪನಿಯ ಹೆಸರಿನಲ್ಲಿ ಕೊಂಡಿದ್ದಾರೆ. ಮಾಲೀಕರು ಕೆಳಗಿನ ಅಂತಸ್ತಿನಲ್ಲಿಯೇ ವಾಸವಾಗಿದ್ದಾರೆ. ಕರಾರಿಗೆ ಮುನ್ನ ಅದರ ಕರಡನ್ನು ನನಗೆ ಕಳುಹಿಸಿದ್ದರು. ಗೀಸರ್ ಮತ್ತು ನಾಲ್ಕು ಫ್ಯಾನುಗಳ ಪಟ್ಟಿ ಕ್ರಮಸಂಖ್ಯೆ ಸಹಿತ ಇತ್ತು.