ಮಣ್ಣಿಲ್ಲದೆ ಸೊಪ್ಪು ಬೆಳೆಯಬಹುದು, ಆದ್ರೆ ಮಣ್ಣಿನ ಕೆಲಸ ಯಾರು ಮಾಡ್ತಾರೆ?

ಇವತ್ತಿನ ಸಂಚಿಕೆ ಹೈಡ್ರೋಪೋನಿಕ್ಸ್ ಮತ್ತು ಅಕ್ವಾಪೋನಿಕ್ಸ್ ಬಗ್ಗೆ. ರೀಲ್ಸ್‌ನಲ್ಲಿ ನೀವೂ ನೋಡಿರ್ತೀರಿ. ಸಾಲಾಗಿ ಬಿಳಿ ಪೈಪುಗಳು, ಅದರ ತೂತುಗಳಲ್ಲಿ ಹಸಿರು ಲೆಟ್ಯೂಸ್, ಮೇಲೊಂದು ಸಾಲು: ಮಣ್ಣು ಬೇಡ, ಶ್ರಮ ಬೇಡ, ತಿಂಗಳಿಗೆ ಲಕ್ಷ ದುಡೀರಿ! ಟೆರೇಸ್ ಖಾಲಿ ಇದೆ, ಕೈಯಲ್ಲಿ ಒಂದಿಷ್ಟು ಉಳಿತಾಯ ಇದೆ, ಶುರು ಮಾಡೇಬಿಡೋಣ ಅನ್ಸುತ್ತೆ ಅಲ್ವಾ? ದುಡ್ಡು ಹಾಕೋ ಮುಂಚೆ ಇದನ್ನೊಮ್ಮೆ ಕೇಳಿ.

ಹೆಸರಲ್ಲೇ ದುಡಿಮೆ ಇದೆ

ಹೈಡ್ರೋ ಅಂದ್ರೆ ಗ್ರೀಕ್ ಭಾಷೆಯಲ್ಲಿ ನೀರು, ಪೋನೋಸ್ ಅಂದ್ರೆ ದುಡಿಮೆ. ಈ ಪದವನ್ನು 1930ರ ದಶಕದಲ್ಲಿ ಬಳಕೆಗೆ ತಂದವರು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ವಿಲಿಯಂ ಗೆರಿಕೆ. ತೊಟ್ಟಿಯ ನೀರಲ್ಲೇ ಟೊಮೆಟೊ ಬೆಳೆದು ತೋರಿಸಿದಾಗ ಪತ್ರಿಕೆಗಳು ಇದನ್ನು ಪವಾಡದಂತೆ ಬರೆದವು. ಅದೇ ವಿಶ್ವವಿದ್ಯಾಲಯದ ಹೋಗ್ಲೆಂಡ್ ಮತ್ತು ಆರ್ನನ್ ಪರೀಕ್ಷೆ ಮಾಡಿ 1938ರಲ್ಲಿ ಒಂದು ಕೈಪಿಡಿ ಬರೆದರು. ಒಳ್ಳೆ ಮಣ್ಣಿಗೂ ಅಷ್ಟೇ ಆರೈಕೆ ಕೊಟ್ಟರೆ ಇಳುವರಿಯಲ್ಲಿ ಭಾರೀ ವ್ಯತ್ಯಾಸ ಇಲ್ಲ ಅನ್ನೋದು ಅವರ ತೀರ್ಮಾನ. ಅವರು ಕೊಟ್ಟ ಪೋಷಕ ದ್ರಾವಣದ ಸೂತ್ರ ಮಾತ್ರ ಇವತ್ತಿಗೂ ಬಳಕೆಯಲ್ಲಿದೆ.

ಮಣ್ಣು ಏನೇನು ಮಾಡುತ್ತೆ?

ಮಣ್ಣು ಗಿಡವನ್ನು ಹಿಡಿದು ನಿಲ್ಲಿಸುತ್ತೆ. ನೀರು ಇಟ್ಟುಕೊಂಡಿರುತ್ತೆ. ಬೇರಿಗೆ ಗಾಳಿ ಕೊಡುತ್ತೆ, ಪೋಷಕಾಂಶ ಕೊಡುತ್ತೆ. ಇನ್ನೊಂದು ದೊಡ್ಡ ಕೆಲಸ ನಮ್ಮ ಕಣ್ಣಿಗೆ ಕಾಣಲ್ಲ. ನಾವು ಎರಡು ದಿನ ನೀರು ಹಾಕೋದು ಮರೆತರೂ, ಗೊಬ್ಬರ ಸ್ವಲ್ಪ ಜಾಸ್ತಿ ಹಾಕಿದರೂ ಅದು ಸಹಿಸಿಕೊಳ್ಳುತ್ತೆ.

ಮಣ್ಣು ತೆಗೆದ ಕೂಡಲೇ ಈ ಎಲ್ಲಾ ಕೆಲಸ ನಿಮ್ಮ ತಲೆ ಮೇಲೆ ಬರುತ್ತೆ. ನಿಲ್ಲಿಸೋಕೆ ಜಾಲರಿ ಕಪ್ಪು ಮತ್ತು ತೆಂಗಿನ ನಾರಿನ ಪುಡಿ, ಅಂದ್ರೆ ಕೋಕೋಪೀಟ್. ನೀರು ಹರಿಸೋಕೆ ಪಂಪು. ಗಾಳಿಗೆ ಅಕ್ವೇರಿಯಂನಲ್ಲಿ ಇರುತ್ತಲ್ಲ, ಅಂಥದ್ದೇ ಏರ್ ಪಂಪು. ಪೋಷಕಾಂಶಕ್ಕೆ ಎ ಮತ್ತು ಬಿ ಅಂತ ಎರಡು ಬಾಟಲಿ. ಯಾಕೆ ಎರಡು? ಎ ಬಾಟಲಿಯಲ್ಲಿ ಕ್ಯಾಲ್ಸಿಯಂ ಇರುತ್ತೆ, ಬಿ ಬಾಟಲಿಯಲ್ಲಿ ಸಲ್ಫೇಟ್ ಮತ್ತು ಫಾಸ್ಫೇಟ್. ಗಟ್ಟಿ ದ್ರಾವಣಗಳನ್ನೇ ನೇರ ಬೆರೆಸಿದರೆ ಕ್ಯಾಲ್ಸಿಯಂ ಜಿಪ್ಸಂ ಥರ ತಳದಲ್ಲಿ ಕೂತುಬಿಡುತ್ತೆ, ಗಿಡಕ್ಕೆ ಸಿಗಲ್ಲ. ಅದಕ್ಕೇ ಒಂದನ್ನು ನೀರಿಗೆ ಹಾಕಿ ಚೆನ್ನಾಗಿ ಕಲಕಿ, ಆಮೇಲೆ ಇನ್ನೊಂದನ್ನು ಹಾಕ್ಬೇಕು.

ಇನ್ನು ನೀರಿನ ಪಿಎಚ್. ಅದು 5.5ರಿಂದ 6.5ರ ಒಳಗೆ ಇರಬೇಕು. ಗಡಸು ಬೋರ್‌ವೆಲ್ ನೀರಾದರೆ ಪಿಎಚ್ ಮೇಲಕ್ಕೇ ಹೋಗ್ತಿರುತ್ತೆ. ಆಗ ದ್ರಾವಣದಲ್ಲಿ ಕಬ್ಬಿಣದ ಅಂಶ ಇದ್ರೂ ಬೇರು ಅದನ್ನು ಎಳೆದುಕೊಳ್ಳೋದು ಕಷ್ಟ, ಎಳೆ ಎಲೆಗಳು ಹಳದಿ ಆಗುತ್ತವೆ. ಪೈಪಿನಲ್ಲಿ ತೆಳ್ಳಗೆ ನೀರು ಹರಿಸುವ ಪದ್ಧತಿಯಲ್ಲಿ ಏಪ್ರಿಲ್ ಮಧ್ಯಾಹ್ನ ಕರೆಂಟ್ ಹೋದರೆ ಕೆಲವೇ ಗಂಟೆಗಳಲ್ಲಿ ಗಿಡ ಬಾಡುತ್ತೆ.

ಮೀನು ಸೇರಿದರೆ ಅಕ್ವಾಪೋನಿಕ್ಸ್

ಇಲ್ಲಿ ಎ, ಬಿ ಬಾಟಲಿಗಳ ಬದಲು ಮೀನು. ಮೀನಿನ ತ್ಯಾಜ್ಯದಿಂದ ನೀರಿಗೆ ಅಮೋನಿಯಾ ಸೇರುತ್ತೆ. ಅದು ಮೀನಿಗೇ ವಿಷ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತೆ, ಇನ್ನೊಂದು ಬಗೆ ಅದನ್ನು ನೈಟ್ರೇಟ್ ಮಾಡುತ್ತೆ. ನೈಟ್ರೇಟ್ ಗಿಡಕ್ಕೆ ಊಟ. ಗಿಡ ಹೀರಿಕೊಂಡ ಮೇಲೆ ಆ ನೀರು ಮತ್ತೆ ಮೀನಿನ ತೊಟ್ಟಿಗೆ.

ಈ ಬ್ಯಾಕ್ಟೀರಿಯಾ ನೆಲೆಯೂರೋಕೆ ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ಮೊದಲ ದಿನವೇ ತೊಟ್ಟಿ ತುಂಬಾ ಮೀನು ಬಿಟ್ಟರೆ ಅವು ಸಾಯುತ್ತವೆ. ಕ್ಲೋರಿನ್ ಇರುವ ನಲ್ಲಿ ನೀರನ್ನು ನೇರ ಸುರಿದರೂ ಅಪಾಯವೇ. ಗಿಡಕ್ಕೆ ಹುಳ ಬಿತ್ತು ಅಂತ ಕೀಟನಾಶಕ ಹೊಡೆಯೋ ಹಾಗಿಲ್ಲ, ಕೆಳಗೆ ಮೀನಿದೆ! ಮೀನಿನ ಮೇವಿನಲ್ಲಿ ಗಿಡಕ್ಕೆ ಸಾಕಾಗುವಷ್ಟು ಕಬ್ಬಿಣ, ಪೊಟ್ಯಾಶಿಯಂ ಇರೋದಿಲ್ಲ, ಅದನ್ನೂ ಬೇರೆಯಾಗಿ ಕೊಡಬೇಕು.

ನೀರು ಉಳಿಯುತ್ತೆ, ಕರೆಂಟ್?

ನೀರು ಉಳಿಯುತ್ತೆ ಅನ್ನೋದು ನಿಜ. ಅಮೆರಿಕದ ಅರಿಜೋನಾದ ಸಂಶೋಧಕರು 2015ರಲ್ಲಿ ಒಂದು ಲೆಕ್ಕ ಪ್ರಕಟಿಸಿದರು. ಅದರ ಪ್ರಕಾರ ಒಂದು ಕೆ.ಜಿ. ಲೆಟ್ಯೂಸ್‌ಗೆ ಹೊಲದಲ್ಲಿ ಸುಮಾರು 250 ಲೀಟರ್ ನೀರು ಬೇಕು, ಹೈಡ್ರೋಪೋನಿಕ್ಸ್‌ನಲ್ಲಿ 20 ಲೀಟರ್ ಸಾಕು. ಅದೇ ಜಾಗದಲ್ಲಿ ಇಳುವರಿ ಸುಮಾರು ಹನ್ನೊಂದು ಪಟ್ಟು. 2024ರ ಬೇಸಿಗೆಯಲ್ಲಿ ಟ್ಯಾಂಕರ್‌ಗೆ ಕಾದ ಬೆಂಗಳೂರಿನವರಿಗೆ ಇದು ಸಣ್ಣ ವಿಷಯ ಅಲ್ಲ.

ಆದ್ರೆ ಅದೇ ಲೆಕ್ಕದಲ್ಲಿ ಇನ್ನೊಂದು ಅಂಕಿ ಇದೆ. ಹೈಡ್ರೋಪೋನಿಕ್ಸ್‌ಗೆ ಬೇಕಾದ ಶಕ್ತಿ ಹೊಲಕ್ಕಿಂತ 80 ಪಟ್ಟು ಹೆಚ್ಚು. ಕೆ.ಜಿ.ಗೆ ಸುಮಾರು 25 ಯೂನಿಟ್ ಕರೆಂಟಿಗೆ ಸಮ. ಇದರಲ್ಲಿ ಪಂಪಿನ ಪಾಲು ತೀರಾ ಕಡಿಮೆ. ಬಹುಪಾಲು ಹೋಗಿದ್ದು ಹಸಿರುಮನೆಯನ್ನು ಬಿಸಿ ಅಥವಾ ತಂಪು ಮಾಡೋಕೆ, ಉಳಿದದ್ದು ದೀಪಕ್ಕೆ. ಅಂದ್ರೆ ಬಿಸಿಲು ಸಿಗುವ, ಮೇಲೆ ನೆರಳು ಪರದೆ ಕಟ್ಟಿದ ಟೆರೇಸಿನ ಲೆಕ್ಕ ಬೇರೆ. ಎಸಿ ಹಾಕಿ, ಎಲ್‌ಇಡಿ ಬೆಳಕಲ್ಲಿ ಬೆಳೆಯುವ ಕೋಣೆಯ ಲೆಕ್ಕ ಬೇರೆ. ಒಳಾಂಗಣ ಕೃಷಿಯಲ್ಲಿ ದೊಡ್ಡ ಹೆಸರಾಗಿದ್ದ ಅಮೆರಿಕದ ಏರೋಫಾರ್ಮ್ಸ್ 2023ರಲ್ಲಿ ದಿವಾಳಿ ಅರ್ಜಿ ಹಾಕಿತು. ಬೋವರಿ ಫಾರ್ಮಿಂಗ್ 2024ರಲ್ಲಿ ಬಾಗಿಲು ಮುಚ್ಚಿತು.

ಇನ್ನೊಂದು ಮಾತು. ಇದು ಸೊಪ್ಪು, ಪುದೀನ, ಲೆಟ್ಯೂಸ್, ಟೊಮೆಟೊ ಥರದ ಬೆಳೆಗೆ ಹೊಂದುವ ಪದ್ಧತಿ. ರಾಗಿ, ಜೋಳ, ತೊಗರಿಯನ್ನು ಹೀಗೆ ಬೆಳೆದರೆ ಖರ್ಚೇ ಹುಟ್ಟಲ್ಲ. ನಮ್ಮ ತಟ್ಟೆಯ ಮುದ್ದೆ, ರೊಟ್ಟಿ ಹೊಲದಿಂದಲೇ ಬರಬೇಕು.

ಹಾಗಾದ್ರೆ ಎಲ್ಲಿಂದ ಶುರು ಮಾಡೋದು?

ಒಂದು ಬಕೆಟ್‌ನಿಂದ. ಹವಾಯಿ ವಿಶ್ವವಿದ್ಯಾಲಯದ ಬರ್ನಾರ್ಡ್ ಕ್ರಾಟ್ಕಿ ರೂಪಿಸಿದ ವಿಧಾನಕ್ಕೆ ಪಂಪೂ ಬೇಡ, ಕರೆಂಟೂ ಬೇಡ. ಬೆಳಕು ಒಳಗೆ ಹೋಗದ ಬಕೆಟ್ ತಗೊಳ್ಳಿ, ಬೆಳಕು ಬಿದ್ದರೆ ಪಾಚಿ ಕಟ್ಟುತ್ತೆ. ಮುಚ್ಚಳದಲ್ಲಿ ತೂತು ಮಾಡಿ, ಸಸಿ ಇಟ್ಟ ಜಾಲರಿ ಕಪ್ಪನ್ನು ಕೂರಿಸಿ. ಕಪ್ಪಿನ ತಳ ದ್ರಾವಣಕ್ಕೆ ತಾಗಬೇಕು. ಗಿಡ ಕುಡಿದ ಹಾಗೆ ನೀರು ಇಳಿಯುತ್ತೆ, ಮೇಲಿನ ಬೇರುಗಳಿಗೆ ಗಾಳಿ ಸಿಗುತ್ತೆ. ಹಾಗಾಗಿ ಮತ್ತೆ ಬಾಯಿಮಟ್ಟ ತುಂಬಿಸಬೇಡಿ. ಮುಚ್ಚಳದಲ್ಲಿ ಸಂದಿ ಬಿಡಬೇಡಿ, ನಿಂತ ನೀರಲ್ಲಿ ಡೆಂಗಿ ಸೊಳ್ಳೆ ಮೊಟ್ಟೆ ಇಡುತ್ತೆ. ನೀರಿನ ಪದ್ಧತಿ ಕಷ್ಟ ಅನ್ಸಿದ್ರೆ ಕೋಕೋಪೀಟ್‌ನಲ್ಲೇ ತರಕಾರಿ ಬೆಳೆಯಬಹುದು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಅದಕ್ಕೆ ತನ್ನದೇ ವಿಧಾನ ರೂಪಿಸಿದೆ.

ವ್ಯಾಪಾರವೇ ಮಾಡ್ತೀನಿ ಅನ್ನೋರು, ತರಬೇತಿ ಅಥವಾ ಸೆಟಪ್ ಮಾರೋರ ಹತ್ರ ಎರಡು ಕಾಗದ ಕೇಳಿ: ನಡೀತಿರೋ ಒಂದು ಫಾರ್ಮಿನ ಕಳೆದ ಬೇಸಿಗೆಯ ಕರೆಂಟ್ ಬಿಲ್ಲು, ಅದೇ ತಿಂಗಳ ಸೊಪ್ಪಿನ ಮಾರಾಟದ ಬಿಲ್ಲು. ತೋರಿಸೋಕೆ ಹಿಂದೇಟು ಹಾಕಿದ್ರೆ ಅವರಿಗೆ ಆದಾಯ ಬರ್ತಿರೋದು ಸೊಪ್ಪಿನಿಂದಲಾ, ನಿಮ್ಮಂಥವರ ಫೀಸಿನಿಂದಲಾ ಅಂತ ಯೋಚನೆ ಮಾಡಿ. ನಿಮ್ಮ ಸೊಪ್ಪು ಕೊಳ್ಳೋ ಹೋಟೆಲೋ ಅಪಾರ್ಟ್‌ಮೆಂಟೋ ಯಾವುದು ಅನ್ನೋದನ್ನ ಪೈಪು ತರೋ ಮುಂಚೆಯೇ ಗೊತ್ತು ಮಾಡ್ಕೊಳ್ಳಿ.

ಬಕೆಟ್ ಲೆಟ್ಯೂಸ್ ಕೊಯ್ಲಿಗೆ ಬರೋಕೆ ಸುಮಾರು ಒಂದೂವರೆ ತಿಂಗಳು ಹಿಡಿಯುತ್ತೆ. ಅಷ್ಟರಲ್ಲಿ ಈ ಕೆಲಸ ನಿಮಗೆ ಒಗ್ಗುತ್ತಾ ಇಲ್ವಾ ಅನ್ನೋದು ಗೊತ್ತಾಗಿರುತ್ತೆ.